ಕೈಗೆ ಒಗ್ಗುವ ಬ್ಯಾಟು: ಮಕ್ಕಳಿಗೆ ಬ್ಯಾಡ್ಮಿಂಟನ್ ರ‍್ಯಾಕೆಟ್ ಕೊಳ್ಳುವ ಮುನ್ನ

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಗಡಿನಾಡಿನ ಊರುಗಳಲ್ಲಿ ಮಳೆ ಹಿಂದೆ ಸರಿದ ಬಳಿಕ ಒಂದು ದೃಶ್ಯ ಸಾಮಾನ್ಯ. ಅಂಗಳದ ಒಂದು ಪಾಲಿನಲ್ಲಿ ಅಡಿಕೆ ಹರವಿದ್ದರೆ, ಮತ್ತೊಂದು ಪಾಲಿನಲ್ಲಿ ಸುಣ್ಣದ ಗೆರೆ ಮೂಡುತ್ತದೆ. ಎರಡು ಅಡಿಕೆ ಮರದ ಕಂಬಗಳ ನಡುವೆ ನೆಟ್ ಬಿಗಿಯಲ್ಪಡುತ್ತದೆ. ಕತ್ತಲಾಗುತ್ತಲೇ ದೀಪ ಹೊತ್ತಿಕೊಳ್ಳುತ್ತದೆ. ಶಾಲೆಯಿಂದ ಬಂದ ಮಕ್ಕಳು, ಕೆಲಸ ಮುಗಿಸಿ ಬಂದ ಅಣ್ಣಂದಿರು, ಊರಿಗೆ ರಜೆಯಲ್ಲಿ ಬಂದ ಗಲ್ಫಿನ ಮಾವಂದಿರು ಎಲ್ಲರೂ ಸರದಿಯಂತೆ ಅಂಗಳಕ್ಕೆ ಇಳಿಯುತ್ತಾರೆ. ಕ್ರಿಕೆಟಿಗೆ ಬೇಕಾದಷ್ಟು ಬಯಲು ಇಲ್ಲದ ಗುಡ್ಡಗಾಡಿನ ಊರಿಗೆ ಬ್ಯಾಡ್ಮಿಂಟನ್ ಹೇಳಿ ಮಾಡಿಸಿದ ಆಟ.

ಅಂತಹ ಒಂದು ಅಂಗಳದ ಕಥೆ ಇದು. ಕನ್ನಡ ಮಾಧ್ಯಮ ಶಾಲೆಯ ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ ದುಬಾಯಿಯಿಂದ ಬಂದ ಸೋದರಮಾವ ಉಡುಗೊರೆಯಾಗಿ ತಂದುಕೊಟ್ಟದ್ದು ಹೊಳೆಯುವ ಕಪ್ಪು ರ‍್ಯಾಕೆಟ್. ಅದರ ಬೆಲೆ ಕೇಳಿ ಮನೆಯವರೆಲ್ಲ ಬೆರಗಾದರು. ಹುಡುಗಿ ಹಿಗ್ಗಿದಳು. ಮೂರು ವಾರ ಕಳೆಯುವಷ್ಟರಲ್ಲಿ ಅವಳ ಹೊಡೆತಗಳು ನೆಟ್ಟಿಗೆ ಬೀಳತೊಡಗಿದವು. ರಾತ್ರಿ ಊಟಕ್ಕೆ ಕುಳಿತಾಗ ಬಲಗೈ ಎತ್ತಲು ಅವಳು ಮುಖ ಕಿವುಚುವುದನ್ನು ತಾಯಿ ಗಮನಿಸಿದರು.

“ಅಪ್ಪಾ, ಮಾವ ತಂದ ಬ್ಯಾಟಿನಲ್ಲಿ ಆಡಿದರೆ ತೋಳು ಎತ್ತಲಿಕ್ಕೆ ಆಗುವುದಿಲ್ಲ.”

“ಅಷ್ಟು ದುಡ್ಡು ಕೊಟ್ಟು ತಂದದ್ದು ಮಗಾ. ಅಭ್ಯಾಸವಾದರೆ ಸರಿಯಾಗ್ತದೆ.”

ಅಭ್ಯಾಸವಾಗಲಿಲ್ಲ. ಉಪಜಿಲ್ಲಾ ಮಟ್ಟದ ಪಂದ್ಯಕ್ಕೆ ಹೆಸರು ಕೊಡುವ ದಿನ ಹುಡುಗಿ ತಾನಾಗಿಯೇ ಹಿಂದೆ ಸರಿದಳು. ತನಗೆ ಆಟ ಬರುವುದಿಲ್ಲ ಎಂಬುದು ಅವಳ ತೀರ್ಮಾನವಾಗಿತ್ತು. ತಂದೆಯನ್ನು ಶಾಲೆಗೆ ಕರೆಸಿಕೊಂಡ ದೈಹಿಕ ಶಿಕ್ಷಣ ಶಿಕ್ಷಕರು ಆ ರ‍್ಯಾಕೆಟ್ಟನ್ನು ಕೈಯಲ್ಲಿ ಹಿಡಿದು, ಎರಡು ಸಲ ಗಾಳಿಯಲ್ಲಿ ಬೀಸಿ, ಮೇಜಿನ ಮೇಲಿಟ್ಟು ಹೇಳಿದ್ದು ಒಂದೇ ಮಾತು: “ಬ್ಯಾಟು ಕೆಟ್ಟದ್ದಲ್ಲ. ಅದು ನಿಮ್ಮ ಮಗಳದ್ದಲ್ಲ, ಅಷ್ಟೆ.”

ಈ ಮಾತಿನ ಅರ್ಥ ತಿಳಿಯದೆ ಹಣ ಕಳೆದುಕೊಳ್ಳುವ ಮನೆಗಳು ಕಡಿಮೆಯಲ್ಲ. ಹಣಕ್ಕಿಂತ ಹೆಚ್ಚಾಗಿ, ಮಗುವಿನ ತೋಳಿನ ಆರೋಗ್ಯವೂ ಆತ್ಮವಿಶ್ವಾಸವೂ ಇಲ್ಲಿ ಪಣಕ್ಕೆ ಬೀಳುತ್ತವೆ.

ಪುಣೆಯಲ್ಲಿ ನಿಯಮ ಕಂಡ ಆಟ

ಬ್ಯಾಡ್ಮಿಂಟನ್ ಎಂಬ ಹೆಸರು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿರುವ ಬ್ಯೂಫರ್ಟ್ ಡ್ಯೂಕರ ಮನೆಯಾದ ಬ್ಯಾಡ್ಮಿಂಟನ್ ಹೌಸಿನಿಂದ ಬಂದದ್ದು. ಆದರೆ ಈ ಆಟಕ್ಕೆ ‘ಪೂನಾ’ ಎಂಬ ಇನ್ನೊಂದು ಹೆಸರೂ ಇತ್ತು. ಪುಣೆಯ ದಂಡುಪ್ರದೇಶದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಇದನ್ನು ಆಡುತ್ತಿದ್ದರು, 1873ರಲ್ಲಿ ಅಲ್ಲಿಯೇ ಮೊದಲ ನಿಯಮಗಳು ರೂಪುಗೊಂಡವು ಎಂದು ಆಟದ ಇತಿಹಾಸ ಹೇಳುತ್ತದೆ. ಮರದ ಚೌಕಟ್ಟಿನಿಂದ ಆರಂಭವಾದ ರ‍್ಯಾಕೆಟ್ ಉಕ್ಕು ಹಾಗೂ ಅಲ್ಯೂಮಿನಿಯಮ್ ಹಂತಗಳನ್ನು ದಾಟಿ ಇಂದು ಗ್ರಾಫೈಟಿಗೆ ಬಂದು ನಿಂತಿದೆ.

ಇಂದಿನ ನಿಯಮದಂತೆ ರ‍್ಯಾಕೆಟ್ಟಿನ ಒಟ್ಟು ಉದ್ದ 680 ಮಿಲಿಮೀಟರನ್ನೂ ಅಗಲ 230 ಮಿಲಿಮೀಟರನ್ನೂ ಮೀರುವಂತಿಲ್ಲ. ಈ ಮಿತಿಯೊಳಗೆ ಭಾರ, ಸಮತೋಲ, ಬಾಗುವ ಗುಣ, ಹಿಡಿಯ ಗಾತ್ರ, ಗಟ್ಟಿಂಗಿನ ಬಿಗಿ ಎಂಬ ಐದು ಸಂಗತಿಗಳಲ್ಲಿ ತಯಾರಕರು ಮಾಡುವ ಬದಲಾವಣೆಯೇ ನೂರಾರು ಮಾದರಿಗಳಾಗಿ ಅಂಗಡಿಯ ಗೋಡೆಯನ್ನು ತುಂಬುತ್ತದೆ. ಈ ಐದನ್ನು ಅರಿತವರಿಗೆ ಅಂಗಡಿಯಲ್ಲಿ ಗೊಂದಲವಿರುವುದಿಲ್ಲ.

ಭಾರ: ಐದು ಗ್ರಾಮಿನ ಲೆಕ್ಕ

ರ‍್ಯಾಕೆಟ್ಟಿನ ಹಿಡಿಯ ಮೇಲ್ಭಾಗದಲ್ಲಿ ‘3ಯು’, ‘4ಯು’, ‘5ಯು’ ಎಂಬ ಗುರುತುಗಳಿರುತ್ತವೆ. ಹೆಚ್ಚಾಗಿ ಬಳಕೆಯಲ್ಲಿರುವ ಪದ್ಧತಿಯಂತೆ 3ಯು ಎಂದರೆ 85ರಿಂದ 89.9 ಗ್ರಾಂ, 4ಯು ಎಂದರೆ 80ರಿಂದ 84.9 ಗ್ರಾಂ, 5ಯು ಎಂದರೆ 75ರಿಂದ 79.9 ಗ್ರಾಂ. ಅಂಕೆ ಏರಿದಂತೆ ಭಾರ ಇಳಿಯುತ್ತದೆ ಎಂಬುದನ್ನು ನೆನಪಿಡಬೇಕು.

ಒಂದು ವರ್ಗಕ್ಕೂ ಮುಂದಿನ ವರ್ಗಕ್ಕೂ ಇರುವ ಅಂತರ ಐದು ಗ್ರಾಂ ಮಾತ್ರ. ಒಂದು ಶಟಲ್ಲಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ನಿಯಮದ ಪ್ರಕಾರ ಅದು 4.74ರಿಂದ 5.50 ಗ್ರಾಮಿನ ನಡುವೆ ಇರಬೇಕು. ಇಷ್ಟು ಸಣ್ಣ ಅಂತರದಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. ಒಂದು ಸಂಜೆಯ ಆಟದಲ್ಲಿ ತೋಳು ನೂರಾರು ಬಾರಿ ತಲೆಯ ಮೇಲಕ್ಕೆ ಏರಿ ಇಳಿಯುತ್ತದೆ. ಪ್ರತಿ ಬಾರಿಯೂ ಆ ಐದು ಗ್ರಾಂ ತೋಳಿನ ತುದಿಯಲ್ಲಿ, ವೇಗದಲ್ಲಿ ಬೀಸಲ್ಪಡುತ್ತದೆ. ಬೆಳೆಯುವ ಮಕ್ಕಳ ಭುಜಕ್ಕೆ ಅದು ಸಣ್ಣ ಹೊರೆಯಲ್ಲ.

ಪ್ರೌಢಶಾಲೆಯ ಮಕ್ಕಳಿಗೆ 4ಯು ಅಥವಾ 5ಯು ಸೂಕ್ತ. ಎಂಟು–ಒಂಬತ್ತು ವರ್ಷದೊಳಗಿನವರಿಗೆ ಉದ್ದ ಕಡಿಮೆಯಿರುವ ಮಕ್ಕಳ ರ‍್ಯಾಕೆಟ್ಟೇ ಒಳ್ಳೆಯದು. ಜೋಡಿಯಾಗಿ ಮಾರುವ ಅಗ್ಗದ ಉಕ್ಕಿನ ರ‍್ಯಾಕೆಟ್ಟುಗಳು ಇವೆಲ್ಲಕ್ಕಿಂತ ಭಾರ. ಮನೆಯಂಗಳದ ವಿನೋದಕ್ಕೆ ಅವು ಸಾಕು. ವಾರಕ್ಕೆ ನಾಲ್ಕು ದಿನ ಅಭ್ಯಾಸಕ್ಕೆ ಹೋಗುವ ಮಗುವಿಗೆ ಅವು ಸಾಲವು.

ಸಮತೋಲ: ಶಾಲೆಯ ಸ್ಕೇಲಿನಿಂದಲೇ ಅಳೆಯಬಹುದು

ಒಂದೇ ತೂಕದ ಎರಡು ರ‍್ಯಾಕೆಟ್ಟುಗಳಲ್ಲಿ ಒಂದು ಭಾರವೆನಿಸಿ ಇನ್ನೊಂದು ಹಗುರವೆನಿಸುವುದುಂಟು. ತೂಕ ಎಲ್ಲಿ ಕೂಡಿಕೊಂಡಿದೆ ಎಂಬುದು ಇದಕ್ಕೆ ಕಾರಣ. ತಲೆಯ ಭಾಗದಲ್ಲಿ ಹೆಚ್ಚು ತೂಕವಿದ್ದರೆ ಅದು ‘ಹೆಡ್ ಹೆವಿ’. ಹಿಡಿಯ ಕಡೆ ತೂಕ ಸರಿದಿದ್ದರೆ ‘ಹೆಡ್ ಲೈಟ್’. ನಡುವಿನದು ‘ಈವನ್ ಬ್ಯಾಲೆನ್ಸ್’.

ಇದನ್ನು ತಿಳಿಯಲು ಅಂಗಡಿಯವರ ಮಾತನ್ನೇ ನಂಬಬೇಕಾಗಿಲ್ಲ. ಮಗುವಿನ ಚೀಲದಲ್ಲಿರುವ 30 ಸೆಂಟಿಮೀಟರಿನ ಸ್ಕೇಲು ಸಾಕು. ರ‍್ಯಾಕೆಟ್ಟನ್ನು ತೋರುಬೆರಳಿನ ಮೇಲೆ ಅಡ್ಡವಾಗಿಟ್ಟು, ಎರಡೂ ಕಡೆ ವಾಲದೆ ನಿಲ್ಲುವ ಬಿಂದುವನ್ನು ಗುರುತಿಸಬೇಕು. ಹಿಡಿಯ ಬುಡದಿಂದ ಆ ಬಿಂದುವಿಗೆ ಎಷ್ಟು ದೂರವೆಂದು ಅಳೆಯಬೇಕು. ಗಟ್ಟಿಂಗ್ ಮತ್ತು ಗ್ರಿಪ್ ಇರುವ ರ‍್ಯಾಕೆಟ್ಟಿನಲ್ಲಿ ಅದು ಸ್ಕೇಲಿನ 29ರ ಗೆರೆಯ ಆಸುಪಾಸಿನಲ್ಲಿದ್ದರೆ ಸಮತೋಲದ್ದೆಂದೂ, 30ರ ಕಡೆಗೆ ಅಥವಾ ಅದನ್ನು ದಾಟಿ ಹೋದರೆ ತಲೆಭಾರದ್ದೆಂದೂ, 28ರ ಕಡೆಗೆ ಬಂದರೆ ತಲೆ ಹಗುರವಾದದ್ದೆಂದೂ ಸ್ಥೂಲವಾಗಿ ತಿಳಿಯಬಹುದು. ಒಂದೆರಡು ಸೆಂಟಿಮೀಟರಿನ ಈ ಅಂತರವೇ ಆಟದ ಸ್ವಭಾವವನ್ನು ನಿರ್ಧರಿಸುತ್ತದೆ.

ತಲೆಭಾರದ ರ‍್ಯಾಕೆಟ್ ಕೊಡಲಿಯಂತೆ: ಬೀಸಿದರೆ ಪೆಟ್ಟು ಬಲವಾಗಿ ಬೀಳುತ್ತದೆ, ಆದರೆ ಮತ್ತೆ ಎತ್ತಲು ಸಮಯ ಬೇಕು. ತಲೆ ಹಗುರವಾದದ್ದು ಕತ್ತಿಯಂತೆ ಚುರುಕಾಗಿ ತಿರುಗುತ್ತದೆ. ಆದರೆ ಹೊಡೆತದ ಬಲವನ್ನು ಆಟಗಾರನೇ ಒದಗಿಸಬೇಕು. ಕಲಿಯುವ ಹಂತದಲ್ಲಿರುವವರಿಗೆ ಸಮತೋಲದ ರ‍್ಯಾಕೆಟ್ಟಿಗಿಂತ ಒಳ್ಳೆಯ ಗುರುವಿಲ್ಲ. ತನಗೆ ಯಾವ ಆಟ ಒಲಿಯುತ್ತದೆ ಎಂಬುದನ್ನು ಮಗು ತಾನೇ ಕಂಡುಕೊಳ್ಳಲು ಅದು ಎಡೆ ಕೊಡುತ್ತದೆ.

ಶಾಫ್ಟಿನ ಬಾಗುವಿಕೆ

ಹಿಡಿಗೂ ತಲೆಗೂ ನಡುವಿನ ತೆಳ್ಳನೆಯ ದಂಡವೇ ಶಾಫ್ಟ್. ಬೀಸುವಾಗ ಅದು ತುಸು ಹಿಂದಕ್ಕೆ ಬಾಗಿ, ಶಟಲ್ಲಿಗೆ ತಗಲುವ ಕ್ಷಣದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಮೆದು ಶಾಫ್ಟ್ ನಿಧಾನದ ಬೀಸಿಗೂ ಬಾಗುತ್ತದೆ. ಆದುದರಿಂದ ಮಣಿಕಟ್ಟಿನಲ್ಲಿ ಇನ್ನೂ ಬಲ ಬಾರದ ಮಕ್ಕಳು ಇದರಿಂದ ಶಟಲ್ಲನ್ನು ಸುಲಭವಾಗಿ ಹಿಂದಿನ ಗೆರೆಯವರೆಗೆ ಅಟ್ಟಬಲ್ಲರು. ಗಡುಸು ಶಾಫ್ಟ್ ವೇಗದ, ಪಳಗಿದ ಬೀಸಿಗೆ ಮಾತ್ರ ಬಾಗುತ್ತದೆ. ಅಂತಹ ಕೈಯಲ್ಲಿ ಅದು ಹೊಡೆತಕ್ಕೆ ನಿಖರತೆ ಕೊಡುತ್ತದೆ. ಪಳಗದ ಕೈಯಲ್ಲಿ ಅದು ಬಾಗುವುದೇ ಇಲ್ಲ. ಆಗ ಬೇಕಾದ ಬಲವನ್ನೆಲ್ಲ ಭುಜವೇ ಒದಗಿಸಬೇಕಾಗುತ್ತದೆ, ಹೊಡೆತದ ಅದಿರು ನೇರವಾಗಿ ಮೊಣಕೈಗೆ ಇಳಿಯುತ್ತದೆ. ದುಬಾಯಿಯಿಂದ ಬಂದ ಕಪ್ಪು ರ‍್ಯಾಕೆಟ್ 3ಯು ಭಾರದ್ದು, ತಲೆಭಾರದ್ದು, ಗಡುಸು ಶಾಫ್ಟಿನದು. ಪಳಗಿದ ಆಟಗಾರರಿಗೆ ಆಯುಧವಾದದ್ದು ಹದಿಮೂರರ ಹುಡುಗಿಗೆ ಹೊರೆಯಾದದ್ದು ಹೀಗೆ.

ಹಿಡಿಯ ಗಾತ್ರ

ಹಿಡಿಯ ಸುತ್ತಳತೆಗೆ ‘ಜಿ4’, ‘ಜಿ5’ ಎಂಬ ಗುರುತುಗಳಿವೆ. ಸಾಮಾನ್ಯವಾಗಿ ಕಾಣುವ ಪದ್ಧತಿಯಲ್ಲಿ ಅಂಕೆ ಹೆಚ್ಚಿದಷ್ಟೂ ಹಿಡಿ ಸಣ್ಣದು. ಗುರುತನ್ನು ಓದುವುದಕ್ಕಿಂತ ಕೈಯಲ್ಲಿ ಹಿಡಿದು ನೋಡುವುದೇ ಮೇಲು. ಬೆರಳುಗಳು ಹಿಡಿಯನ್ನು ಸುತ್ತಿದಾಗ ಅವುಗಳ ತುದಿಗೂ ಅಂಗೈಯ ಬುಡಕ್ಕೂ ನಡುವೆ ಸ್ವಲ್ಪ ಎಡೆ ಉಳಿಯಬೇಕು. ಹಿಡಿ ತೀರಾ ದಪ್ಪವಾದರೆ ಬೆರಳುಗಳಿಂದ ರ‍್ಯಾಕೆಟ್ಟನ್ನು ಹೊರಳಿಸಲಾಗದೆ ಮಗು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತದೆ, ಮುಂಗೈ ಬೇಗ ದಣಿಯುತ್ತದೆ. ಸಣ್ಣ ಹಿಡಿಗೆ ಗ್ರಿಪ್ ಸುತ್ತಿ ದಪ್ಪ ಮಾಡಬಹುದು. ದಪ್ಪ ಹಿಡಿಯನ್ನು ಸಣ್ಣದು ಮಾಡುವುದು ಕಷ್ಟ. ಆದುದರಿಂದ ಸಂಶಯವಿದ್ದಲ್ಲಿ ಸಣ್ಣದನ್ನೇ ಆರಿಸಬೇಕು.

ಗಟ್ಟಿಂಗ್: ಬಿಗಿಯಾದಷ್ಟೂ ಒಳ್ಳೆಯದೆಂಬ ಭ್ರಮೆ

ಗಟ್ಟಿಂಗಿನ ಬಿಗಿಯನ್ನು ಪೌಂಡುಗಳಲ್ಲಿ ಹೇಳುವುದು ರೂಢಿ. ಅಂಗಳದ ಹಿರಿಯ ಆಟಗಾರರು 28 ಪೌಂಡು ಹಾಕಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳುವುದನ್ನು ಕೇಳಿದ ಮಕ್ಕಳೂ ಅದನ್ನೇ ಬಯಸುತ್ತಾರೆ. ವಾಸ್ತವವಾಗಿ ಬಿಗಿ ಹೆಚ್ಚಿದಂತೆ ಶಟಲ್ ಚಿಮ್ಮುವ ಗುಣ ಕಡಿಮೆಯಾಗುತ್ತದೆ, ಸರಿಯಾಗಿ ತಗಲುವ ನಡುಭಾಗವೂ ಕಿರಿದಾಗುತ್ತದೆ. ನಡುಭಾಗಕ್ಕೇ ಹೊಡೆಯಬಲ್ಲ ನುರಿತವರಿಗೆ ಅದರಿಂದ ಹಿಡಿತ ಸಿಗುತ್ತದೆ. ಕಲಿಯುವವರಿಗೆ ಕೈನೋವು ಸಿಗುತ್ತದೆ.

ಶಾಲಾ ಮಕ್ಕಳಿಗೆ 18ರಿಂದ 22 ಪೌಂಡು, ಅಂದರೆ ಸುಮಾರು 8ರಿಂದ 10 ಕಿಲೋ ಬಿಗಿ ಸಾಕು. ಎರಡು–ಮೂರು ವರ್ಷ ಕ್ರಮವಾಗಿ ಅಭ್ಯಾಸ ಮಾಡಿದವರು ಒಂದೊಂದೇ ಪೌಂಡು ಏರಿಸುತ್ತ 24ರವರೆಗೆ ಹೋಗಬಹುದು. ಚೌಕಟ್ಟಿನ ಮೇಲೆ ತಯಾರಕರು ನಮೂದಿಸಿದ ಗರಿಷ್ಠ ಮಿತಿಯನ್ನು ಯಾವ ಕಾರಣಕ್ಕೂ ಮೀರಬಾರದು. ಮೀರಿ ಚೌಕಟ್ಟು ಒಡೆದರೆ ಖಾತರಿಯ ಮಾತು ಎತ್ತುವಂತಿಲ್ಲ. 0.70 ಮಿಲಿಮೀಟರಿನ ದಪ್ಪ ಗಟ್ಟಿಂಗ್ ಹೆಚ್ಚು ದಿನ ಬಾಳುತ್ತದೆ. ತೆಳುವಾದದ್ದು ಚೆನ್ನಾಗಿ ಚಿಮ್ಮಿದರೂ ಬೇಗ ಹರಿಯುತ್ತದೆ. ಶಾಲೆಗಳಲ್ಲಿ ಬಳಸುವ ನೈಲಾನ್ ಶಟಲ್ಲಿಗೆ ದಪ್ಪದ್ದೇ ಹೊಂದುತ್ತದೆ.

ಆಟದ ಶೈಲಿ ಮೊದಲು, ರ‍್ಯಾಕೆಟ್ ಆಮೇಲೆ

1980ರ ಆಲ್ ಇಂಗ್ಲೆಂಡ್ ಫೈನಲ್ ಶೈಲಿಯ ಬಗೆಗಿನ ಅತ್ಯುತ್ತಮ ಪಾಠ. ಒಂದು ಕಡೆ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್. ಹಾರಿ ಹೊಡೆಯುವ ಸ್ಮ್ಯಾಶಿಗೆ ಹೆಸರಾದ ಅವರು ಹಿಂದಿನ ಎರಡು ವರ್ಷ ಅದೇ ಪ್ರಶಸ್ತಿ ಗೆದ್ದಿದ್ದರು. ಇನ್ನೊಂದು ಕಡೆ ಬೆಂಗಳೂರಿನ ಪ್ರಕಾಶ್ ಪಡುಕೋಣೆ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಆಟ ಕಲಿತ ಅವರ ಬಲವಿದ್ದದ್ದು ಮಣಿಕಟ್ಟಿನ ನಯದಲ್ಲಿ, ನೆಟ್ಟಿನ ಬಳಿಯ ಸೂಕ್ಷ್ಮದಲ್ಲಿ, ಎದುರಾಳಿಯನ್ನು ತಪ್ಪುದಾರಿಗೆ ಎಳೆಯುವ ಜಾಣ್ಮೆಯಲ್ಲಿ. ವೇಗಕ್ಕೆ ವೇಗದಿಂದ ಉತ್ತರಿಸದೆ 15–3, 15–10ರಿಂದ ಗೆದ್ದ ಪಡುಕೋಣೆ ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು.

ಮಗುವಿನ ಕೈಯಲ್ಲಿ ಯಾವ ಆಟವಿದೆ ಎಂಬುದನ್ನು ನೋಡದೆ ಎಲ್ಲರಿಗೂ ಸ್ಮ್ಯಾಶಿನ ರ‍್ಯಾಕೆಟ್ ಕೊಡಿಸುವವರು ಈ ಪಂದ್ಯವನ್ನು ನೆನೆಯಬೇಕು. ಎತ್ತರವಾಗಿದ್ದು, ಹಿಂದಿನ ಗೆರೆಯಿಂದ ಬಲವಾಗಿ ಹೊಡೆಯುವ ಸ್ವಭಾವ ನಿಚ್ಚಳವಾದ ಮೇಲೆ ತುಸು ತಲೆಭಾರದ ರ‍್ಯಾಕೆಟ್ ಉಪಯುಕ್ತ. ಶಟಲ್ಲನ್ನು ಮೂಲೆಯಿಂದ ಮೂಲೆಗೆ ಓಡಿಸಿ, ಡ್ರಾಪ್ ಮತ್ತು ಕ್ಲಿಯರ್‌ಗಳಿಂದ ಎದುರಾಳಿಯನ್ನು ದಣಿಸುವವರಿಗೆ ಸಮತೋಲದ್ದು ಹಿತ. ಬಂದ ಹೊಡೆತಗಳನ್ನೆಲ್ಲ ತಾಳ್ಮೆಯಿಂದ ತಡೆಯುವವರಿಗೂ ಡಬಲ್ಸ್‌ನಲ್ಲಿ ನೆಟ್ಟಿನ ಬಳಿ ನಿಲ್ಲುವವರಿಗೂ ತಲೆ ಹಗುರವಾದದ್ದು ಒದಗುತ್ತದೆ. ಹಿಂದೆ ನಿಂತು ಸ್ಮ್ಯಾಶ್ ಮಾಡುವ ಜೊತೆಗಾರರಿಗೆ ತಲೆಭಾರದ್ದು ಬೇಕಾಗಬಹುದು. ಒಂದೇ ಜೋಡಿಯ ಇಬ್ಬರು ಎರಡು ಬಗೆಯ ರ‍್ಯಾಕೆಟ್ ಹಿಡಿಯುವುದು ತಪ್ಪಲ್ಲ.

2023ರಲ್ಲಿ ಆಂಧ್ರದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಅವರ ಕೈಯಲ್ಲಿದ್ದ ರ‍್ಯಾಕೆಟ್ ಯಾವುದೆಂದು ಮಕ್ಕಳು ಕೇಳುತ್ತಾರೆ. ಆ ತೋಳು ಎಷ್ಟು ವರ್ಷ ಪಳಗಿದೆ ಎಂದು ಕೇಳುವಂತೆ ಅವರಿಗೆ ಹೇಳಿಕೊಡುವುದು ಹಿರಿಯರ ಕೆಲಸ.

ಇನ್ನೊಂದು ಎಚ್ಚರಿಕೆ ಅಗತ್ಯ. ದಕ್ಷಿಣದ ಅನೇಕ ಶಾಲೆಗಳಲ್ಲಿ ಉಣ್ಣೆಯ ಹಳದಿ ಚೆಂಡಿನಿಂದ ಆಡುವ ಬಾಲ್ ಬ್ಯಾಡ್ಮಿಂಟನ್ ಕೂಡ ಇದೆ. ಅದರ ಚೆಂಡು ಶಟಲ್ಲಿಗಿಂತ ಹಲವು ಪಟ್ಟು ಭಾರ, ರ‍್ಯಾಕೆಟ್ಟೂ ಬೇರೆ. ಶಟಲ್ ರ‍್ಯಾಕೆಟ್ಟಿನಿಂದ ಆ ಚೆಂಡನ್ನು ಹೊಡೆದರೆ ಚೌಕಟ್ಟು ಉಳಿಯದು. ಮಗು ಶಾಲೆಯಲ್ಲಿ ಆಡುವುದು ಯಾವ ಆಟವೆಂದು ಮೊದಲೇ ಕೇಳಿ ತಿಳಿಯಬೇಕು.

ಬಿಲ್ಲು ಕೇಳುವುದು ಸಂಕೋಚದ ವಿಷಯವಲ್ಲ

ಒಂದೂವರೆ ಸಾವಿರದಿಂದ ಮೂರು ಸಾವಿರ ರೂಪಾಯಿಗಳ ನಡುವೆ ಶಾಲಾ ಮಕ್ಕಳಿಗೆ ಸಾಕಾಗುವ ಗ್ರಾಫೈಟ್ ರ‍್ಯಾಕೆಟ್ಟುಗಳು ದೊರೆಯುತ್ತವೆ. ದಿನಗೂಲಿಯಿಂದ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದುದರಿಂದ ಕೊಳ್ಳುವಾಗ ಕಾನೂನು ಕೊಟ್ಟಿರುವ ರಕ್ಷಣೆಯನ್ನು ಬಿಟ್ಟುಕೊಡಬಾರದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟದ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಾಗಿರದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅಂಥದ್ದೇ. ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಗೋಡೆಬರಹ ದೋಷದ ಮಾಲಿನ ಮಟ್ಟಿಗೆ ಕಾನೂನಿನ ಮುಂದೆ ನಿಲ್ಲದು. ಆದರೆ ಮಗು ನೆಲಕ್ಕೆ ಬಡಿದು ಒಡೆದ ರ‍್ಯಾಕೆಟ್ಟಾಗಲಿ, ಕೈಗೆ ಒಗ್ಗದ ರ‍್ಯಾಕೆಟ್ಟಾಗಲಿ ದೋಷದ ಮಾಲಲ್ಲ. ಆಯ್ಕೆಯ ತಪ್ಪಿಗೆ ಕಾಯ್ದೆಯಲ್ಲಿ ಪರಿಹಾರವಿಲ್ಲ. ಅದಕ್ಕಾಗಿಯೇ ಆಯ್ಕೆ ಮೊದಲು ಸರಿಯಾಗಬೇಕು.

ಬಿಲ್ಲಿನಲ್ಲಿ ‘ಬ್ಯಾಟ್–1’ ಎಂದಷ್ಟೇ ಬರೆಯಿಸಿಕೊಂಡು ಬರಬಾರದು. ತಯಾರಕರ ಹೆಸರು, ಮಾದರಿ, ರ‍್ಯಾಕೆಟ್ಟಿನ ಮೇಲಿರುವ ಕ್ರಮಸಂಖ್ಯೆ ಬಿಲ್ಲಿನಲ್ಲಿ ಇರಬೇಕು. ಪ್ರಸಿದ್ಧ ಹೆಸರಿನ ನಕಲಿ ಮಾಲು ಮಾರುಕಟ್ಟೆಯಲ್ಲಿದೆ. ನಂಬಲಾಗದಷ್ಟು ಕಡಿಮೆ ಬೆಲೆಯೇ ಅದರ ಮೊದಲ ಗುರುತು. ಆನ್‌ಲೈನಿನಲ್ಲಿ ಕೊಂಡವರು ಪೊಟ್ಟಣ ಬಿಚ್ಚುವಾಗ ಫೋನಿನಲ್ಲಿ ಚಿತ್ರೀಕರಿಸಿಕೊಂಡರೆ ಅದು ಮುಂದೆ ಸಾಕ್ಷ್ಯವಾಗುತ್ತದೆ. ಮಾರಿದ ಸಂಸ್ಥೆ ಎಲ್ಲಿಯೇ ಇರಲಿ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ದೂರು ಕೊಡಲು ಎರಡು ವರ್ಷಗಳ ಕಾಲಮಿತಿಯಿದೆ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಅನೇಕ ತಕರಾರುಗಳು ಅಲ್ಲಿಯೇ ಮುಗಿಯುತ್ತವೆ.

ಮಳೆನಾಡಿನಲ್ಲಿ ಜೋಪಾನ

ಕರಾವಳಿಯ ತೇವ ರ‍್ಯಾಕೆಟ್ಟಿಗೆ ಹಿತವಲ್ಲ. ಆಟ ಮುಗಿದೊಡನೆ ಒದ್ದೆ ಗ್ರಿಪ್ಪಿನೊಂದಿಗೆ ಚೀಲದಲ್ಲಿ ತುರುಕಿದರೆ ಬೂಸ್ಟು ಹಿಡಿಯುತ್ತದೆ. ಒಣಬಟ್ಟೆಯಿಂದ ಒರಸಿ, ಗಾಳಿಯಾಡಲು ಬಿಟ್ಟು ಅನಂತರ ಇಡಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೂ ಒಲೆಯ ಮೇಲಿನ ಅಟ್ಟದಲ್ಲೂ ಇಡಬಾರದು. ಕಾವಿಗೆ ಗಟ್ಟಿಂಗ್ ಸಡಿಲವಾಗುತ್ತದೆ. ಗಟ್ಟಿಂಗಿನ ಒಂದು ಎಳೆ ಹರಿದರೆ ಉಳಿದವನ್ನೂ ಕೂಡಲೇ ನಡುವಿನಿಂದ ಕತ್ತರಿಸಬೇಕು. ಇಲ್ಲವಾದರೆ ಬಿಗಿ ಒಂದೇ ಕಡೆಗೆ ಎಳೆದು ಚೌಕಟ್ಟು ವಕ್ರವಾಗಬಹುದು. ತಿಂಗಳಿಗೊಮ್ಮೆ ಚೌಕಟ್ಟಿನ ಮೇಲೆ ಉಗುರು ಆಡಿಸಿ ಕೂದಲೆಳೆಯಂತಹ ಬಿರುಕುಗಳಿವೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಇಷ್ಟೆಲ್ಲ ಸರಿಯಿದ್ದೂ ಮಗುವಿನ ಭುಜ ಅಥವಾ ಮೊಣಕೈಯ ನೋವು ಕೆಲವು ದಿನಗಳ ವಿಶ್ರಾಂತಿಯಿಂದ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಎಣ್ಣೆ ಹಚ್ಚಿ ಮತ್ತೆ ಆಡಲು ಕಳಿಸಬಾರದು.

ಆ ಅಂಗಳದ ಹುಡುಗಿಗೆ ಶಿಕ್ಷಕರು ಶಾಲೆಯ ಕಪಾಟಿನಲ್ಲಿದ್ದ ಹಳೆಯ 5ಯು ರ‍್ಯಾಕೆಟ್ಟಿಗೆ 20 ಪೌಂಡಿನ ಗಟ್ಟಿಂಗ್ ಹಾಕಿಸಿ ಕೊಟ್ಟರು. ಎರಡು ವಾರ ವಿಶ್ರಾಂತಿಯ ನಂತರ ಅವಳು ಮತ್ತೆ ಆಡಲು ಇಳಿದಳು. ಆ ವರ್ಷದ ಪಂದ್ಯ ತಪ್ಪಿಹೋಗಿತ್ತು, ಅದನ್ನು ಮರಳಿ ತರುವ ಉಪಾಯ ಯಾರಲ್ಲೂ ಇರಲಿಲ್ಲ. ಆದರೆ ಶಟಲ್ ಹಿಂದಿನ ಗೆರೆಯವರೆಗೆ ಹೋಗತೊಡಗಿತು. ಕಪ್ಪು ರ‍್ಯಾಕೆಟ್ಟನ್ನು ಕಾಲೇಜಿಗೆ ಹೋಗುವ ದೊಡ್ಡಪ್ಪನ ಮಗ ತೆಗೆದುಕೊಂಡ. ಅವನ ಕೈಗೆ ಅದು ಸರಿಯಾಗಿ ಹೊಂದಿತು.

ಮುಂದಿನ ರಜೆಗೆ ಬರುವ ಮುನ್ನ ಸೋದರಮಾವ ಫೋನು ಮಾಡಿ, ಸೊಸೆಗೆ ಈ ಸಲ ಏನು ತರಬೇಕೆಂದು ಕೇಳಿದರು. ತಂದೆ ಮಗಳ ಸ್ಕೇಲನ್ನು ಕೈಯಲ್ಲಿ ಹಿಡಿದುಕೊಂಡೇ ಉತ್ತರಿಸಿದರು: “ಬ್ಯಾಟು ಇಲ್ಲಿಯೇ ನೋಡಿ ತೆಗೆದುಕೊಳ್ಳುವ ಭಾವಾ. ಅವಳೂ ಅಂಗಡಿಗೆ ಬರಲಿ. ನೀವು ಒಂದು ಡಬ್ಬಿ ಶಟಲ್ ತನ್ನಿ, ಸಾಕು.”